ಕಾಲೇಜು ಹಾಕಿ ವರದಿಯಲ್ಲಿ ತಪ್ಪು ನುಸುಳದಂತೆ ನೋಡಿಕೊಳ್ಳುವುದು ಹೇಗೆ? ಕ್ಯಾಂಪಸ್ ಪತ್ರಿಕೆಯವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಪತ್ರಿಕೋದ್ಯಮ ವಿಭಾಗ ಇರುವ ಕಾಲೇಜುಗಳಲ್ಲಿ ಲ್ಯಾಬ್ ಪತ್ರಿಕೆಯೋ ಭಿತ್ತಿಪತ್ರಿಕೆಯೋ ಒಂದು ಇದ್ದೇ ಇರುತ್ತದೆ. ಕ್ರೀಡಾ ಪುಟಕ್ಕೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ವರದಿ ಬರೆಯುವುದು ನಮ್ಮ ಮಕ್ಕಳಿಗೆ ಕಷ್ಟವಲ್ಲ. ಶಾಲೆಯ ಅಂಗಳದಲ್ಲಿ, ಊರಿನ ಗದ್ದೆಯಲ್ಲಿ ಆಡಿ, ನೋಡಿ ಬೆಳೆದ ಆಟಗಳು ಅವು. ಹಾಕಿ ಹಾಗಲ್ಲ. ಕೊಡಗಿನಿಂದ ಬಂದವರನ್ನು ಬಿಟ್ಟರೆ ಕ್ಲಾಸಿನಲ್ಲಿ ಸ್ಟಿಕ್ ಹಿಡಿದವರು ಕಡಿಮೆ. ಅದಕ್ಕೇ ಹಾಕಿ ವರದಿಯಲ್ಲಿ ತಪ್ಪು ಜಾಸ್ತಿ.

ಇದು ಸಣ್ಣ ವಿಷಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಾಲೇಜು ಹಾಕಿಗೆ ಟಿವಿ ಕ್ಯಾಮೆರಾ ಬರುವುದಿಲ್ಲ. ದಿನಪತ್ರಿಕೆಯಲ್ಲಿ ಬಂದರೂ ನಾಲ್ಕು ಸಾಲು, ಅದರಲ್ಲಿ ಗೆದ್ದ ಕಾಲೇಜಿನ ಹೆಸರು ಇದ್ದರೆ ದೊಡ್ಡದು. ಗೋಲು ಹೊಡೆದ ಹುಡುಗಿಯ ಹೆಸರು ಅಚ್ಚಾಗುವುದು ನಿಮ್ಮ ಪತ್ರಿಕೆಯಲ್ಲಿ ಮಾತ್ರ. ಆಕೆ ಅದನ್ನು ಕತ್ತರಿಸಿ ಸರ್ಟಿಫಿಕೇಟ್ ಫೈಲಿಗೆ ಸೇರಿಸುತ್ತಾಳೆ. ಮುಂದೆ ಕ್ರೀಡಾ ಕೋಟಾದ ಸೀಟಿಗೋ ಕೆಲಸಕ್ಕೋ ಹೋದಾಗ ಆ ಫೈಲ್ ಬಿಚ್ಚುತ್ತಾರೆ. ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ನಿಮ್ಮ ವರದಿಯಲ್ಲಿ ಇನ್ನೊಂದು ಇದ್ದರೆ ಆ ತುಣುಕು ಅವಳಿಗೆ ಉಪಕಾರ ಮಾಡುವುದಿಲ್ಲ.

ಹಾಗಾಗಿ ಮೈದಾನಕ್ಕೆ ಹೊರಡುವುದರಿಂದ ಹಿಡಿದು ತಿದ್ದುಪಡಿ ಹಾಕುವ ತನಕ ಏನೇನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಹೊರಡುವ ಮೊದಲು: ಇದು ಯಾವ ಕೂಟ ಅಂತ ತಿಳಿದುಕೊಳ್ಳಿ

ಅತಿ ಜಾಸ್ತಿ ತಪ್ಪು ಆಗುವುದು ಇಲ್ಲಿ. ಆಟ ಶುರುವಾಗುವ ಮೊದಲೇ ಆಗಿಹೋಗುವ ತಪ್ಪು ಇದು.

ಅಂತರ ಕಾಲೇಜು ಕೂಟ ಅಂದರೆ ಒಂದೇ ವಿಶ್ವವಿದ್ಯಾನಿಲಯದ ಅಡಿಯಲ್ಲಿರುವ ಕಾಲೇಜುಗಳ ನಡುವಿನ ಸ್ಪರ್ಧೆ. ಅಲ್ಲಿ ಚೆನ್ನಾಗಿ ಆಡಿದವರನ್ನು ನೋಡಿ ವಿವಿ ತಂಡ ಆರಿಸುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿವಿ ಕೂಟಕ್ಕೆ ಹೋಗುತ್ತದೆ. ಅಲ್ಲಿ ಮುಂದೆ ಬಂದರೆ ಅಖಿಲ ಭಾರತ ಅಂತರ ವಿವಿ ಕೂಟ. ಇವನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು. ನಮ್ಮ ಮಕ್ಕಳು ಬರೆಯುವುದು ಹೇಗೆ? ಅಂತರ ಕಾಲೇಜು ಕೂಟ ಗೆದ್ದ ಕೂಡಲೇ 'ರಾಜ್ಯಮಟ್ಟಕ್ಕೆ ಆಯ್ಕೆ' ಅಂತ ಶೀರ್ಷಿಕೆ. ವಿವಿ ತಂಡಕ್ಕೆ ಇಬ್ಬರು ಆಯ್ಕೆಯಾದರೆ 'ರಾಷ್ಟ್ರೀಯ ತಂಡಕ್ಕೆ' ಅಂತ ಇನ್ನೊಂದು. ಎರಡೂ ತಪ್ಪು. ಆಟಗಾರರು ಏರಿದ ಮೆಟ್ಟಿಲು ಯಾವುದೋ ಅದನ್ನೇ ಬರೆಯಿರಿ. ಅವರ ಸಾಧನೆಗೆ ಅಷ್ಟೇ ಸಾಕು.

ಇನ್ನೊಂದು ಗೊಂದಲ ನಮ್ಮ ಊರಿಗೇ ಸೇರಿದ್ದು. ಮಂಗಳೂರಿನ ಕಾಲೇಜುಗಳೆಲ್ಲ ಮಂಗಳೂರು ವಿವಿಯವು ಅಂತ ಸುಮ್ನೆ ಅಂದುಕೊಳ್ಳಬೇಡಿ. ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಾಗಿ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ ಕೂಟದಲ್ಲಿ ಆಡುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಗೆ ಸೇರಿದ ನರ್ಸಿಂಗ್, ಮೆಡಿಕಲ್ ಕಾಲೇಜುಗಳಿಗೆ ಅವರದೇ ಕೂಟ. ಮಣಿಪಾಲದ ಮಾಹೆ, ನಿಟ್ಟೆ, ಯೆನೆಪೋಯ ಇವೆಲ್ಲ ಡೀಮ್ಡ್ ವಿಶ್ವವಿದ್ಯಾನಿಲಯಗಳು, ಅಂದರೆ ಬೇರೆ ವಿವಿಯ ಅಡಿಯಲ್ಲಿಲ್ಲ, ತಾವೇ ಒಂದು ವಿವಿ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು ಕೂಡ 2024ರಿಂದ ಡೀಮ್ಡ್ ವಿಶ್ವವಿದ್ಯಾನಿಲಯ. ಹಳೇ ರೂಢಿಯಲ್ಲಿ 'ಮಂಗಳೂರು ವಿವಿ ಅಧೀನದ' ಅಂತ ಕೈ ತಾನಾಗಿ ಬರೆದುಬಿಡುತ್ತದೆ, ಅಲ್ಲೇ ಎಡವುವುದು. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜನ್ನೂ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯವನ್ನೂ ಒಂದೇ ಮಾಡಿ ಬರೆಯುವವರು ಇದ್ದಾರೆ. ಮೊದಲನೆಯದು ಒಂದು ಕಾಲೇಜು, ಅದರದ್ದು ಕಾಲೇಜು ತಂಡ. ಎರಡನೆಯ ಹೆಸರಿನಲ್ಲಿ ಆಡುವುದು ಹಲವು ಕಾಲೇಜುಗಳಿಂದ ಆರಿಸಿದ ವಿವಿ ತಂಡ. ಹೆಸರು ಅದಲುಬದಲಾದರೆ ಪೂರ್ತಿ ಸುದ್ದಿಯೇ ಬದಲು.

ಪಿಯು ಮತ್ತು ಡಿಗ್ರಿ ಕೂಡ ಹಾಗೆಯೇ. ಒಂದೇ ಗೇಟು, ಒಂದೇ ಹೆಸರು, ಒಂದೇ ಮೈದಾನ. ಆದರೆ ಪಿಯು ಕೂಟ ತಾಲೂಕು, ಜಿಲ್ಲೆ, ರಾಜ್ಯ ಅಂತ ಇಲಾಖೆಯ ದಾರಿಯಲ್ಲಿ ಹೋಗುತ್ತದೆ. ವಿವಿಗೂ ಅದಕ್ಕೂ ಸಂಬಂಧ ಇಲ್ಲ.

ಇದನ್ನೆಲ್ಲ ತಿಳಿಯಲು ಒಂದೇ ಕಾಗದ ಸಾಕು. ಕೂಟದ ಆಹ್ವಾನ ಪತ್ರ ಅಥವಾ ಸುತ್ತೋಲೆ ನಿಮ್ಮ ಕಾಲೇಜಿನ ಫಿಸಿಕಲ್ ಡೈರೆಕ್ಟರ್ ಹತ್ತಿರ ಇರುತ್ತದೆ. 'ಸರ್, ಒಂದು ಫೋಟೋ ತೆಗೆದುಕೊಳ್ಳಲಾ?' ಅಂತ ಕೇಳಿ. ಕೂಟದ ಪೂರ್ತಿ ಹೆಸರು, ನಡೆಸುವವರು, ಆತಿಥ್ಯ ವಹಿಸಿದ ಕಾಲೇಜು, ತಾರೀಕು, ಸ್ಪರ್ಧೆಯ ಮಾದರಿ ಎಲ್ಲ ಅದರಲ್ಲಿರುತ್ತದೆ.

ಮಾದರಿಯನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ವಿವಿ ಮಟ್ಟದ ಕೂಟಗಳಲ್ಲಿ 'ನಾಕೌಟ್ ಕಂ ಲೀಗ್' ಇರುವುದುಂಟು. ಕೊನೆಯ ನಾಲ್ಕು ತಂಡ ಉಳಿಯುವ ತನಕ ನಾಕೌಟ್, ಆಮೇಲೆ ಆ ನಾಲ್ಕೂ ತಂಡ ಒಂದರ ಜೊತೆ ಒಂದು ಆಡುತ್ತವೆ, ಅಂಕದ ಮೇಲೆ ಚಾಂಪಿಯನ್ ತೀರ್ಮಾನ. ಈ ಮಾದರಿಯಲ್ಲಿ ಸೆಮಿಫೈನಲ್ಲೂ ಇಲ್ಲ, ಫೈನಲ್ಲೂ ಇಲ್ಲ. 'ರೋಚಕ ಫೈನಲ್‌ನಲ್ಲಿ' ಅಂತ ಬರೆದರೆ ನಡೆಯದ ಪಂದ್ಯವನ್ನು ನೀವು ನಡೆಸಿದ ಹಾಗಾಯಿತು. ಬೈ ಸಿಕ್ಕಿ ಮುಂದಿನ ಸುತ್ತಿಗೆ ಹೋದ ತಂಡ ಆ ಸುತ್ತಿನಲ್ಲಿ ಗೆದ್ದಿಲ್ಲ, ಆಡಿಯೇ ಇಲ್ಲ. ಎದುರಾಳಿ ಬಾರದೆ ಸಿಕ್ಕಿದ್ದು ವಾಕ್‌ಓವರ್. ಈ ಎರಡನ್ನೂ 'ಭರ್ಜರಿ ಗೆಲುವು' ಮಾಡಬೇಡಿ.

ಮೈದಾನದಲ್ಲಿ ಮೊದಲ ಕೆಲಸ: ಟೆಕ್ನಿಕಲ್ ಟೇಬಲ್ಲಿಗೆ ಹೋಗಿ

ಪಂದ್ಯ ಶುರುವಾಗುವ ಅರ್ಧ ಗಂಟೆ ಮೊದಲು ಹೋಗಿ. ಗಡಿಗೆರೆಯ ಆಚೆ ಒಂದು ಟೇಬಲ್ ಇರುತ್ತದೆ, ಸ್ಕೋರ್ ಶೀಟ್ ಅಲ್ಲೇ. ಎರಡೂ ತಂಡಗಳ ಟೀಮ್ ಶೀಟ್ ಕೂಡ ಅಲ್ಲೇ ಕೊಡುತ್ತಾರೆ. ಕುಳಿತವರಿಗೆ ನಮಸ್ಕಾರ ಹೇಳಿ, ಯಾವ ಪತ್ರಿಕೆ ಅಂತ ಹೇಳಿ, ಶೀಟಿನ ಫೋಟೋ ತೆಗೆದುಕೊಳ್ಳಿ. ಮುಗಿದ ಮೇಲೆ ತೆಗೆಯೋಣ ಅಂದರೆ ಎಲ್ಲರಿಗೂ ಬಸ್ಸಿನ ಅವಸರ, ಶೀಟು ಯಾರ ಬ್ಯಾಗಿಗೆ ಹೋಯಿತೋ ಗೊತ್ತಾಗುವುದಿಲ್ಲ.

ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಕ್ವಾರ್ಟರ್, ಅಂದರೆ ಆಟದ ನಾಲ್ಕರಲ್ಲಿ ಒಂದು ಭಾಗ, ಎಷ್ಟು ನಿಮಿಷದ್ದು? ಟೈ ಆದರೆ ಏನು? ಶೀಟಿನಲ್ಲಿ ಬರೆದ ನಂಬರ್ ಮತ್ತು ಜೆರ್ಸಿಯ ನಂಬರ್ ಒಂದೇನಾ? ನಾಯಕ ಯಾರು?

ಮೂರನೇ ಪ್ರಶ್ನೆ ಬಹಳ ಮುಖ್ಯ. ಕಾಲೇಜು ತಂಡಗಳಲ್ಲಿ ಜೆರ್ಸಿ ಅದಲುಬದಲು ಸಾಮಾನ್ಯ. 7ನೇ ನಂಬರಿನವಳ ಅಂಗಿ ಹರಿದಿದ್ದರೆ ಗೆಳತಿಯ 14 ಹಾಕಿಕೊಂಡು ಇಳಿಯುತ್ತಾಳೆ. ನೀವು ಶೀಟ್ ನೋಡಿ ಗೋಲನ್ನು ಬೇರೆಯವಳ ಹೆಸರಿಗೆ ಬರೆದುಬಿಡುತ್ತೀರಿ. ವಾರ್ಮಪ್ ಆಗುವಾಗ ಕೋಚ್ ಪಕ್ಕ ನಿಂತು ಒಮ್ಮೆ ನಂಬರ್ ತಾಳೆ ನೋಡಿದರೆ ಈ ತಪ್ಪು ಆಗುವುದಿಲ್ಲ.

ಹೆಸರುಗಳು

ಟೀಮ್ ಶೀಟ್ ಇಂಗ್ಲಿಷಿನಲ್ಲಿರುತ್ತದೆ, ವರದಿ ಕನ್ನಡದಲ್ಲಿ. ಈ ನಡುವೆ ಹೆಸರು ಹಾಳಾಗುತ್ತದೆ. ಹಾಕಿಯಲ್ಲಿ ಕೊಡಗಿನ ಮಕ್ಕಳು ಜಾಸ್ತಿ ಇರುವುದರಿಂದ ಇನ್ನೂ ಎಚ್ಚರ ಬೇಕು. ಉತ್ತಪ್ಪ 'ಉಥಪ್ಪ' ಆಗುತ್ತಾನೆ, ಮುತ್ತಣ್ಣ 'ಮುಥನ್ನ' ಆಗುತ್ತಾನೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜನ್ನು 'ಕರಿಯಪ್ಪ ಕಾಲೇಜು' ಅಂತ ಬರೆದದ್ದನ್ನು ನೋಡಿದರೆ ಅಲ್ಲಿನವರಿಗೆ ನಿಜಕ್ಕೂ ಬೇಸರವಾಗುತ್ತದೆ. ನಮ್ಮ ಕರಾವಳಿಯಲ್ಲೂ ಕಡಿಮೆ ಇಲ್ಲ. ಹರ್ಷಿತಾ, ಹರ್ಷಿತ, ದೀಕ್ಷಾ, ದಿಶಾ, ಡಿಸೋಜ, ಡಿಸೋಜಾ. ಇಂಗ್ಲಿಷ್ ಅಕ್ಷರ ನೋಡಿ ಊಹಿಸಲು ಆಗುವುದಿಲ್ಲ.

ಇದಕ್ಕೆ ಒಂದೇ ದಾರಿ. ಗೋಲು ಹೊಡೆದವರ, ನಾಯಕರ, ಪ್ರಶಸ್ತಿ ಪಡೆದವರ ಕೈಗೆ ನಿಮ್ಮ ನೋಟ್‌ಬುಕ್ ಕೊಡಿ. 'ನಿಮ್ಮ ಹೆಸರು ಕನ್ನಡದಲ್ಲಿ ನೀವೇ ಬರೆಯಿರಿ' ಅನ್ನಿ. ಕನ್ನಡ ಬರೆಯಲು ಬಾರದವರಾದರೆ ಬಾಯಲ್ಲಿ ಹೇಳಿಸಿ, ನೀವು ಬರೆದು, ಓದಿ ಹೇಳಿ ಒಪ್ಪಿಸಿಕೊಳ್ಳಿ.

ಇನಿಷಿಯಲ್ ಬಿಡಿಸಿ ಬರೆಯುವ ಚಪಲವೂ ಬೇಡ. ಭಾರತ ಹಾಕಿ ತಂಡದಲ್ಲಿ ಆಡಿದ ಎಂ.ಎಂ. ಸೋಮಯ್ಯ ಅಂದರೆ ಮನೆಯಪಂಡ ಮುತ್ತಣ್ಣ ಸೋಮಯ್ಯ, ಅಲ್ಲಿ ಮೊದಲ ಅಕ್ಷರ ಮನೆತನದ್ದು. ಅದೇ ಲೆಕ್ಕದಲ್ಲಿ ಇನ್ನೊಬ್ಬ ಭಾರತ ತಂಡದ ಆಟಗಾರ ಎಸ್.ವಿ. ಸುನಿಲ್ ಹೆಸರಿಗೆ ಕೊಡವ ಮನೆತನ ಹುಡುಕಿದರೆ ತಪ್ಪುತ್ತದೆ. ಅಲ್ಲಿ ಮೊದಲ ಅಕ್ಷರ ಸೋಮವಾರಪೇಟೆ, ಊರಿನದ್ದು. ಕೇಳದೆ ಬಿಡಿಸಬೇಡಿ.

ಆಟದ ನಿಯಮ: ಫುಟ್‌ಬಾಲ್ ಮಾತನ್ನು ಹೊರಗಿಡಿ

ಹಾಕಿ ಗೊತ್ತಿಲ್ಲದವರು ಫುಟ್‌ಬಾಲ್ ಕಣ್ಣಿನಿಂದ ನೋಡುತ್ತಾರೆ. ಎರಡರಲ್ಲೂ ಹನ್ನೊಂದು ಜನ, ಎರಡರಲ್ಲೂ ಗೋಲು. ಅದಕ್ಕೇ ಮೋಸ ಹೋಗುವುದು.

ಹಾಕಿಯಲ್ಲಿ ಆಫ್‌ಸೈಡ್ ಇಲ್ಲ. 1990ರ ದಶಕದಲ್ಲೇ ಅದು ಹೋಯಿತು. 'ಆಫ್‌ಸೈಡ್ ಕಾರಣ ಗೋಲು ನಿರಾಕರಣೆ' ಅಂತ ಬಂದರೆ ಆ ವಾಕ್ಯ ಹೊಡೆದುಹಾಕಿ. ಸಾಮಾನ್ಯವಾಗಿ ಗೋಲು ರದ್ದಾಗಿರುವುದು ಚೆಂಡು ವೃತ್ತದ ಒಳಗೆ ದಾಳಿ ಮಾಡುವವರ ಸ್ಟಿಕ್ಕಿಗೆ ತಾಗದ್ದರಿಂದ, ಅಥವಾ ಚೆಂಡು ಕಾಲಿಗೆ ತಾಗಿದ್ದರಿಂದ. 'ಡಿ' ಅಂತ ಕರೆಯುವ ಆ ವೃತ್ತದ ಹೊರಗಿಂದ ಎಷ್ಟೇ ಜೋರಾಗಿ ಹೊಡೆದರೂ, ಒಳಗೆ ಆ ತಂಡದವರು ಯಾರೂ ಮುಟ್ಟದೆ ಹೋದರೆ ಗೋಲಲ್ಲ. 'ದೂರದಿಂದ ಹೊಡೆದ ಅದ್ಭುತ ಗೋಲು' ಅಂತ ಬರೆಯುವಾಗ ಇದು ನೆನಪಿರಲಿ.

ಅಲ್ಲಿರುವುದು ಇಬ್ಬರು ಅಂಪೈರ್‌ಗಳು, ರೆಫ್ರಿ ಅಲ್ಲ. ಇಂಜುರಿ ಟೈಮ್ ಕೂಡ ಇಲ್ಲ, ಬೇಕಾದಾಗ ಗಡಿಯಾರವನ್ನೇ ನಿಲ್ಲಿಸುತ್ತಾರೆ. ಸಮಯ ಮುಗಿಯುವಾಗ ಪೆನಾಲ್ಟಿ ಕಾರ್ನರ್ ಸಿಕ್ಕಿದ್ದರೆ ಅದು ಪೂರ್ತಿಯಾಗುವ ತನಕ ಆಟ ಮುಂದುವರಿಯುತ್ತದೆ, ಅಷ್ಟೇ. ಆಟಗಾರರ ಬದಲಾವಣೆಗೂ ಲೆಕ್ಕವಿಲ್ಲ, ಹೊರಗೆ ಹೋದವರು ಮತ್ತೆ ಬರಬಹುದು. 'ಕೊನೆಯ ಬದಲಿ ಆಟಗಾರನನ್ನೂ ಬಳಸಿಕೊಂಡಿತು' ಅನ್ನುವ ಮಾತಿಗೆ ಇಲ್ಲಿ ಅರ್ಥ ಇಲ್ಲ.

ಕಾರ್ಡುಗಳು ಮೂರು. ಹಸಿರು ತೋರಿಸಿದರೆ 2 ನಿಮಿಷ ಹೊರಗೆ. ಹಳದಿಗೆ ಕಡಿಮೆ ಎಂದರೆ 5 ನಿಮಿಷ. ಕೆಂಪು ಅಂದರೆ ಆ ಆಟಗಾರರಿಗೆ ಆ ಪಂದ್ಯ ಮುಗಿಯಿತು. ಫುಟ್‌ಬಾಲಿನಲ್ಲಿ ಹಳದಿ ಬರೀ ಎಚ್ಚರಿಕೆ. ಇಲ್ಲಿ ಹಳದಿ ಬಿದ್ದರೆ ತಂಡ ಹತ್ತು ಜನರಲ್ಲಿ ಆಡಬೇಕು. ಆ ಐದು ನಿಮಿಷದಲ್ಲಿ ಗೋಲಾಗಿದ್ದರೆ ಅದೇ ನಿಮ್ಮ ವರದಿಯ ಮುಖ್ಯ ಸಂಗತಿಯೂ ಆಗಬಹುದು.

ಎಲ್ಲಕ್ಕಿಂತ ದೊಡ್ಡ ಗೊಂದಲ 'ಪೆನಾಲ್ಟಿ' ಅನ್ನುವ ಒಂಟಿ ಪದದಿಂದ. ಹಾಕಿ ವರದಿಯಲ್ಲಿ ಅದನ್ನು ಒಂಟಿಯಾಗಿ ಬರೆಯಲೇಬೇಡಿ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್‌ಕೀಪರ್ ಸೇರಿ ಹೆಚ್ಚೆಂದರೆ ಐವರು ಗೋಲುಗೆರೆಯ ಹಿಂದೆ ನಿಂತು ತಡೆಯುತ್ತಾರೆ. ಎದುರು ತಂಡದವರು ಚೆಂಡನ್ನು ಒಳಗೆ ತಳ್ಳಿ, ವೃತ್ತದ ಹೊರಗೆ ನಿಲ್ಲಿಸಿ, ಮತ್ತೆ ವೃತ್ತದೊಳಗೆ ತಂದು ಗೋಲಿಗೆ ಹೊಡೆಯುತ್ತಾರೆ. ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಇರುವುದು ಇಬ್ಬರೇ. 6.40 ಮೀಟರ್ ದೂರದಿಂದ ಹೊಡೆಯುವವರು, ಎದುರಿಗೆ ಗೋಲ್‌ಕೀಪರ್. ಒಂದು ಪಂದ್ಯದಲ್ಲಿ ಹತ್ತು ಪೆನಾಲ್ಟಿ ಕಾರ್ನರ್ ಸಿಗುವುದು ವಿಶೇಷವಲ್ಲ. 'ಹತ್ತು ಪೆನಾಲ್ಟಿ ವ್ಯರ್ಥ' ಅಂತ ಬರೆದರೆ ಓದುವವರಿಗೆ ಆ ತಂಡಕ್ಕೆ ಆಟವೇ ಬರುವುದಿಲ್ಲ ಅನ್ನಿಸುತ್ತದೆ.

ಗೋಲು, ನಿಮಿಷ, ಲೆಕ್ಕ

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ಕ್ವಾರ್ಟರ್, ನಿಮಿಷ, ಜೆರ್ಸಿ ನಂಬರ್, ಗೋಲಿನ ಬಗೆ, ಆಗಿನ ಸ್ಕೋರ್. ಗೋಲಿನ ಬಗೆಗೆ ಎಫ್‌ಜಿ, ಪಿಸಿ, ಪಿಎಸ್ ಅಂತ ಗುರುತು ಸಾಕು: ಫೀಲ್ಡ್ ಗೋಲ್ (ಆಟ ನಡೆಯುತ್ತಿರುವಾಗಲೇ ಆದದ್ದು), ಪೆನಾಲ್ಟಿ ಕಾರ್ನರ್, ಪೆನಾಲ್ಟಿ ಸ್ಟ್ರೋಕ್. ಸ್ಕೋರ್ ಶೀಟಿನವರೂ ಹೀಗೇ ಬರೆಯುತ್ತಾರೆ, ಕೊನೆಗೆ ತಾಳೆ ನೋಡುವುದು ಸುಲಭ.

ಅಂತರರಾಷ್ಟ್ರೀಯ ಪಂದ್ಯ 15 ನಿಮಿಷದ ನಾಲ್ಕು ಕ್ವಾರ್ಟರ್. 2014ರ ತನಕ 35 ನಿಮಿಷದ ಎರಡು ಅವಧಿ ಇತ್ತು. ಕಾಲೇಜು ಕೂಟದಲ್ಲಿ ಒಂದೇ ದಿನ ಹಲವು ಪಂದ್ಯ ಮುಗಿಸಬೇಕಾದಾಗ ಸಮಯ ಕಡಿಮೆ ಮಾಡುವುದುಂಟು. ಆಗ ನಿಮಿಷದ ಲೆಕ್ಕ ಪೂರ್ತಿ ಬದಲಾಗುತ್ತದೆ. 15 ನಿಮಿಷದ ಕ್ವಾರ್ಟರ್ ಆದರೆ 35ನೇ ನಿಮಿಷ ಮೂರನೇ ಕ್ವಾರ್ಟರಿನಲ್ಲಿ ಬರುತ್ತದೆ. 10 ನಿಮಿಷದ್ದಾದರೆ ನಾಲ್ಕನೆಯದರಲ್ಲಿ. 40 ನಿಮಿಷದ ಪಂದ್ಯದಲ್ಲಿ 52ನೇ ನಿಮಿಷಕ್ಕೆ ಗೋಲಾಯಿತು ಅಂತ ಬರೆದರೆ ಅಂಥ ನಿಮಿಷವೇ ಇಲ್ಲ.

ನಿಮಿಷ ಎಣಿಸುವ ರೀತಿಯೂ ತಿಳಿದಿರಲಿ. ಗಡಿಯಾರ 22 ನಿಮಿಷ 10 ಸೆಕೆಂಡ್ ದಾಟಿದಾಗ ಗೋಲಾದರೆ ಅದು 23ನೇ ನಿಮಿಷ.

ಬರೆದು ಮುಗಿಸಿದ ಮೇಲೆ ಕೂಡಿಸಿ ನೋಡಿ. ಗೋಲು ಹೊಡೆದವರ ಪಟ್ಟಿಯಲ್ಲಿ ಎಷ್ಟು ಗೋಲಿದೆಯೋ ಸ್ಕೋರಿನಲ್ಲೂ ಅಷ್ಟೇ ಇರಬೇಕು. ಶೀರ್ಷಿಕೆ, ಮೊದಲ ಪ್ಯಾರಾ, ಪಟ್ಟಿ, ಫೋಟೋದ ಅಡಿಬರಹ ನಾಲ್ಕೂ ಕಡೆ ಒಂದೇ ಸ್ಕೋರ್ ಇದೆಯಾ ನೋಡಿ. ಪುಟ ಕಟ್ಟುವಾಗ ಶೀರ್ಷಿಕೆ ಬರೆಯುವವರು ಬೇರೆ ಇರುತ್ತಾರೆ, ಹಾಗಾಗಿ ಅಲ್ಲೇ ಜಾಸ್ತಿ ತಪ್ಪುವುದು.

ಶೂಟೌಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾಕೌಟ್ ಪಂದ್ಯ ಸಮವಾದರೆ 23 ಮೀಟರ್ ಗೆರೆಯಿಂದ ಆಟಗಾರ ಚೆಂಡು ತೆಗೆದುಕೊಂಡು ಹೊರಡುತ್ತಾನೆ, 8 ಸೆಕೆಂಡಿನೊಳಗೆ ಗೋಲ್‌ಕೀಪರನ್ನು ದಾಟಿಸಿ ಗೋಲು ಮಾಡಬೇಕು. ಈ ಗೋಲುಗಳನ್ನು ಪಂದ್ಯದ ಸ್ಕೋರಿಗೆ ಕೂಡಿಸಬಾರದು. ಆಟಗಾರರ ಗೋಲಿನ ಲೆಕ್ಕಕ್ಕೂ ಸೇರಿಸಬಾರದು. ಕೆಲವು ಸಣ್ಣ ಕೂಟಗಳಲ್ಲಿ ಇದರ ಬದಲು ಸ್ಟ್ರೋಕ್ ಹೊಡೆಸುತ್ತಾರೆ. ಟೇಬಲ್ಲಿನಲ್ಲಿ ಎರಡನೇ ಪ್ರಶ್ನೆ ಕೇಳಲು ಹೇಳಿದ್ದು ಇದಕ್ಕೇ.

ಒಂದು ಮಾದರಿ ತಿದ್ದಿ ನೋಡೋಣ

ಇದು ಅಭ್ಯಾಸಕ್ಕೆ ಅಂತ ನಾನೇ ಕಟ್ಟಿದ ವಾಕ್ಯ:

'ರಾಷ್ಟ್ರೀಯ ಕ್ರೀಡೆ ಹಾಕಿಯ ರೋಚಕ ಸೆಮಿಫೈನಲ್‌ನಲ್ಲಿ ನಮ್ಮ ಕಾಲೇಜು 5-4 ಗೋಲುಗಳಿಂದ ಜಯ ಗಳಿಸಿತು. ನಾಯಕಿ ಮೂರು ಪೆನಾಲ್ಟಿಗಳನ್ನು ಗೋಲಾಗಿಸಿ ಹ್ಯಾಟ್ರಿಕ್ ಸಾಧಿಸಿದರು. ಇತಿಹಾಸದಲ್ಲೇ ಮೊದಲ ಬಾರಿಗೆ ಕಾಲೇಜು ಫೈನಲ್ ತಲುಪಿದೆ.'

ಶೀಟ್ ತೆರೆದರೆ ಬೇರೆಯೇ ಕಥೆ. ನಿಗದಿತ ಸಮಯದಲ್ಲಿ 2-2. ಶೂಟೌಟಿನಲ್ಲಿ 3-2. ಬರೆದವರು ಎರಡನ್ನೂ ಕೂಡಿಸಿ 5-4 ಮಾಡಿದ್ದಾರೆ. ನಾಯಕಿ ಒಂದು ಪೆನಾಲ್ಟಿ ಕಾರ್ನರ್, ಒಂದು ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಗೋಲು ಮಾಡಿದ್ದಾರೆ, ಮೂರನೆಯದು ಶೂಟೌಟಿನದು. ಹಾಗಾಗಿ ಹ್ಯಾಟ್ರಿಕ್ ಇಲ್ಲ. ತಿದ್ದಿದ ಮೇಲೆ ಹೀಗಿರಬೇಕು:

'ಅಂತರ ಕಾಲೇಜು ಮಹಿಳಾ ಹಾಕಿ ಕೂಟದ ಸೆಮಿಫೈನಲ್‌ನಲ್ಲಿ ನಮ್ಮ ಕಾಲೇಜು ಶೂಟೌಟ್‌ನಲ್ಲಿ 3-2ರಿಂದ ಗೆದ್ದು ಫೈನಲ್ ತಲುಪಿತು. ನಿಗದಿತ ಸಮಯದಲ್ಲಿ ತಂಡಗಳು 2-2ರಲ್ಲಿ ಸಮವಾಗಿದ್ದವು. ಕಾಲೇಜಿನ ಎರಡೂ ಗೋಲುಗಳನ್ನು ನಾಯಕಿ ಹೊಡೆದರು, ಒಂದು ಪೆನಾಲ್ಟಿ ಕಾರ್ನರ್, ಇನ್ನೊಂದು ಪೆನಾಲ್ಟಿ ಸ್ಟ್ರೋಕ್‌ನಲ್ಲಿ.'

ಇದರಲ್ಲಿ ರೋಚಕತೆ ಕಡಿಮೆಯಾಯಿತಾ? ಇಲ್ಲ ಅಲ್ವಾ. 'ರೋಚಕ' ಅನ್ನುವ ಪದ ಹೋಯಿತು, ಪಂದ್ಯ ಎಷ್ಟು ಬಿಗಿಯಾಗಿತ್ತು ಅಂತ ಅಂಕಿಯೇ ಹೇಳಿತು.

ಹಳೇ ಚರಿತ್ರೆ ಸೇರಿಸುವಾಗ

'ರಾಷ್ಟ್ರೀಯ ಕ್ರೀಡೆ' ಅನ್ನುವ ಮಾತನ್ನು ತೆಗೆದದ್ದಕ್ಕೆ ಕಾರಣ ಇದೆ. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ 2012ರಲ್ಲೇ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿದೆ. ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಬೇರೆ, ಹಾಗಾಗಿ ಇದು ಪದೇಪದೇ ಬರುತ್ತದೆ.

ಪದಕದ ಲೆಕ್ಕ ಬೇಕಾದರೆ ಇದು: ಒಲಿಂಪಿಕ್ಸ್ ಹಾಕಿಯಲ್ಲಿ ಭಾರತಕ್ಕೆ 8 ಚಿನ್ನ, ಕೊನೆಯದು 1980ರಲ್ಲಿ. 1960ರಲ್ಲಿ ಬೆಳ್ಳಿ. 1968, 1972, ಟೋಕಿಯೊ ಮತ್ತು ಪ್ಯಾರಿಸ್‌ನಲ್ಲಿ ಕಂಚು. ಟೋಕಿಯೊ ಕೂಟದ ಹೆಸರು 2020, ನಡೆದದ್ದು 2021ರಲ್ಲಿ. ಬೆಂಗಳೂರಿನ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಕೂಡ 2021ರ ಆವೃತ್ತಿಯಾದರೂ ನಡೆದದ್ದು 2022ರಲ್ಲಿ. ಕನ್ನಡ ನಾಡಿನವರ ಹೆಸರು ತರುವಾಗ 1973 ಮತ್ತು 1975 ಅದಲುಬದಲಾಗುತ್ತದೆ. ಎಂ.ಪಿ. ಗಣೇಶ್ ನಾಯಕರಾಗಿದ್ದದ್ದು 1973ರ ವಿಶ್ವಕಪ್‌ನಲ್ಲಿ, ಆಗ ಸಿಕ್ಕಿದ್ದು ಬೆಳ್ಳಿ. ಕಪ್ ಗೆದ್ದ 1975ರ ತಂಡದ ನಾಯಕ ಅಜಿತ್ ಪಾಲ್ ಸಿಂಗ್, ಆ ತಂಡದಲ್ಲಿ ನಮ್ಮ ಬಿ.ಪಿ. ಗೋವಿಂದ ಇದ್ದರು.

'ಇತಿಹಾಸದಲ್ಲೇ ಮೊದಲು' ಅನ್ನುವುದಕ್ಕೆ ಕಾಲೇಜಿನ ಹಳೇ ವಾರ್ಷಿಕ ಸಂಚಿಕೆಗಳನ್ನು ಲೈಬ್ರರಿಯಲ್ಲಿ ತೆಗೆದು ನೋಡಿ. ಕ್ರೀಡಾ ವಿಭಾಗದ ಗಾಜಿನ ಕಪಾಟಿನಲ್ಲಿರುವ ಟ್ರೋಫಿಗಳ ಮೇಲೆ ಇಸವಿ ಕೆತ್ತಿರುತ್ತದೆ, ಅದನ್ನೂ ಓದಿ. ಒಂದು ಎಚ್ಚರ: ಅಲ್ಲಿರುವುದು ಶೈಕ್ಷಣಿಕ ವರ್ಷ ಇರಬಹುದು, ಎರಡು ಇಸವಿಗೆ ಹರಡಿದ್ದು. ಇನ್ನೊಂದು, ಮಂಗಳೂರು ವಿವಿಯ ಹಳೇ ದಾಖಲೆಗಳಲ್ಲಿ ಕೊಡಗಿನ ಕಾಲೇಜುಗಳೂ ಸೇರಿವೆ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಮೊದಲಿನ ಮತ್ತು ಆಮೇಲಿನ ಪ್ರಶಸ್ತಿಗಳನ್ನು ಒಂದೇ ಪಟ್ಟಿಗೆ ಹಾಕಿ ಹೋಲಿಸುವಾಗ ಈ ವ್ಯತ್ಯಾಸ ಬರೆಯಿರಿ. ದಾಖಲೆ ಸಿಗದಿದ್ದರೆ ಆ ವಾಕ್ಯವನ್ನೇ ಬಿಡಿ.

ಅಚ್ಚಿಗೆ ಹೋಗುವ ಮೊದಲು

ಬರೆದವರೇ ತಪ್ಪು ಹುಡುಕಿದರೆ ಸಿಗುವುದಿಲ್ಲ. ಪಂದ್ಯ ನೋಡದ ಗೆಳೆಯರ ಕೈಗೆ ವರದಿ ಮತ್ತು ಶೀಟಿನ ಫೋಟೋ ಎರಡನ್ನೂ ಕೊಡಿ. ಪ್ರತಿ ಹೆಸರು, ಪ್ರತಿ ಅಂಕಿಯ ಮೇಲೆ ಪೆನ್ಸಿಲಿನಲ್ಲಿ ಟಿಕ್ ಹಾಕಲಿ. ಟಿಕ್ ಬೀಳದ್ದು ಪುಟಕ್ಕೆ ಹೋಗಬಾರದು. ಫೋಟೋದಲ್ಲಿ ನಿಂತವರ ಹೆಸರು ಎಡದಿಂದ ಬಲಕ್ಕೆ ಬರೆಯುವಾಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿ ನಂಬಬೇಡಿ, ಚಿತ್ರ ತೆಗೆದ ಕೂಡಲೇ ಬರೆದುಕೊಳ್ಳಿ.

ಕೋಚ್ ಆಡಿದ ಮಾತನ್ನು ಅವರಿಗೆ ಓದಿ ಹೇಳಿ ಖಚಿತಪಡಿಸಿಕೊಳ್ಳಬಹುದು. ಆದರೆ ಪೂರ್ತಿ ವರದಿ ಕೊಟ್ಟು ಒಪ್ಪಿಗೆ ಕೇಳಬೇಡಿ. ಸೋತ ಪಂದ್ಯವನ್ನು ಸೋತಿದ್ದು ಅಂತಲೇ ಬರೆಯಬೇಕು, ಅದನ್ನು ತೀರ್ಮಾನಿಸುವವರು ನೀವು. ಸೋತ ತಂಡದ ಗೋಲು ಹೊಡೆದವರ ಹೆಸರನ್ನೂ ಹಾಕಿ. ನಮ್ಮ ಕ್ಯಾಂಪಸ್ ಪತ್ರಿಕೆಗಳು ಇದನ್ನು ಬಿಡುತ್ತವೆ, ನನಗೆ ಇದು ಸರಿ ಕಾಣುವುದಿಲ್ಲ.

ತಪ್ಪು ಅಚ್ಚಾಗಿಬಿಟ್ಟರೆ

ಯಾರಾದರೂ ಬಂದು 'ಇದು ತಪ್ಪು' ಅಂದರೆ ಮೊದಲು ಶೀಟ್ ತೆರೆದು ನೋಡಿ. ಅವರು ಹೇಳಿದ್ದು ಸರಿ ಇದ್ದರೆ ಮುಂದಿನ ಸಂಚಿಕೆಯ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ, ಕೊನೆಯ ಪುಟದ ಮೂಲೆಯಲ್ಲಿ ಅಲ್ಲ. ಯಾವ ಸಂಚಿಕೆ, ಏನು ಅಚ್ಚಾಗಿತ್ತು, ಸರಿಯಾದದ್ದು ಏನು, ಈ ಮೂರು ಇರಲಿ. 'ತಾಂತ್ರಿಕ ಕಾರಣದಿಂದ' ಅಂತ ಬರೆಯಬೇಡಿ, ಹೆಸರು ತಪ್ಪಾಗುವುದು ಕಂಪ್ಯೂಟರಿನಿಂದಲ್ಲ.

ಪಿಡಿಎಫ್ ಹಂಚಿದ್ದರೆ ತಿದ್ದಿದ ಪುಟವನ್ನು ಅದೇ ಗುಂಪುಗಳಿಗೆ ಮತ್ತೆ ಕಳಿಸಿ, 'ತಿದ್ದಿದ ಪ್ರತಿ' ಅಂತ ಪುಟದ ಮೇಲೇ ಇರಲಿ. ಯಾರ ಹೆಸರು ತಪ್ಪಾಗಿತ್ತೋ ಅವರಿಗೆ ತಿದ್ದುಪಡಿ ಇರುವ ಅಚ್ಚಿನ ಸಂಚಿಕೆಯ ಎರಡು ಪ್ರತಿ ಕೈಯಲ್ಲೇ ಕೊಡಿ. ಟೀಮ್ ಶೀಟ್, ಸ್ಕೋರ್ ಶೀಟಿನ ಫೋಟೋಗಳನ್ನು ತಾರೀಕು ಹಾಕಿ ವಿಭಾಗದ ಕಂಪ್ಯೂಟರಿನಲ್ಲಿ ಇಡಿ. ಆ ಆಟಗಾರರು ಡಿಗ್ರಿ ಮುಗಿಸಿ ಹೋಗುವ ತನಕವಾದರೂ ಅಳಿಸಬೇಡಿ.